ಜಮಖಾನವನ್ನು ತಿರುಗಿಸಿ ನೋಡಿ ಕೊಳ್ಳಿ

ಕಳೆದ ರಂಜಾನ್ ಹಬ್ಬಕ್ಕೆ ಎರಡು ವಾರ ಮೊದಲು ನಮ್ಮ ಮನೆಗೆ ಒಂದು ಹೊಸ ಕಾರ್ಪೆಟ್ ಬಂತು. ಭಾಯ್‌ಗೆ ಐಟಿಪಿಎಲ್ ಕಡೆ ಕೆಲಸ ಸಿಕ್ಕಿತ್ತು, ಮೊದಲ ಸಂಬಳದಲ್ಲಿ ಮನೆಗೆ ಏನಾದರೂ ತರಬೇಕೆಂದು ಆನ್‌ಲೈನ್‌ನಲ್ಲಿ ತರಿಸಿದ್ದ. ಬೆಲೆ 2,400 ರೂಪಾಯಿ. ದುಂಡಗಿನ ಕಾರ್ಪೆಟ್, ಅದರ ಮೇಲೆ ಕಪ್ಪು ಬಿಳಿ ಚೌಕಗಳು. ಅಂಚಿನಲ್ಲಿ ದೊಡ್ಡದಾಗಿದ್ದ ಚೌಕಗಳು ನಡುವಿಗೆ ಹೋದಂತೆ ಚಿಕ್ಕದಾಗಿ, ಬಾಗಿ, ಒಳಗೆ ಜಾರುತ್ತಿದ್ದವು. ಹಾಲ್‌ನಲ್ಲಿ ಹಾಸಿದಾಗ ನೆಲದಲ್ಲಿ ಬಾವಿ ತೋಡಿದಂತೆ ಕಾಣಿಸಿತು. ಅಕ್ಕಪಕ್ಕದ ಮನೆಯ ಮಕ್ಕಳೆಲ್ಲ ಬಂದು ಅದರ ಮೇಲೆ ನಿಂತು ಫೋಟೊ ತೆಗೆಸಿಕೊಂಡರು.

ದಾದಿ ಮಾತ್ರ ಅಡುಗೆ ಮನೆಗೆ ಹೋಗುವುದನ್ನೇ ನಿಲ್ಲಿಸಿದರು. "ಅಲ್ಲಿ ಗುಂಡಿ ಇದೆ ಬೇಟಾ, ನನಗೆ ಕಾಲಿಡೋಕೆ ಆಗಲ್ಲ" ಎಂದರು. ಚಿತ್ರ ಅಂತ ಹೇಳಿದೆವು, ನಾವೇ ನಡೆದು ತೋರಿಸಿದೆವು. ಅವರಿಗೂ ಅದು ಚಿತ್ರ ಎಂದು ಗೊತ್ತಿತ್ತು. ಆದರೂ ಕಾಲು ಕೇಳಲಿಲ್ಲ. ಮೂರನೇ ದಿನ ಅದನ್ನು ಬಳಸಿಕೊಂಡು ಗೋಡೆ ಹಿಡಿದು ಹೋಗುವಾಗ ಕುರ್ಚಿಗೆ ತಾಗಿ ಬಿದ್ದರು. ದೇವರ ದಯೆ, ಮೂಳೆ ಮುರಿಯಲಿಲ್ಲ. ಮಣಿಕಟ್ಟು ಊದಿಕೊಂಡು ಹಬ್ಬದ ದಿನ ಬಲಗೈಯಲ್ಲಿ ಶೀರ್‌ಖುರ್ಮಾ ತಿನ್ನಲಾಗಲಿಲ್ಲ.

ಕಾರ್ಪೆಟ್ ಸುತ್ತಿ ಎತ್ತಿಡುವಾಗ ಮೊದಲ ಸಲ ಅದರ ಹಿಂಬದಿ ನೋಡಿದೆ. ಬೆಳ್ಳಗಿನ ಬಟ್ಟೆ, ಅದರ ಮೇಲೆ ರಬ್ಬರ್ ಚುಕ್ಕಿಗಳು. ಮುಂಭಾಗದ ಚಿತ್ರದ ಸುಳಿವೇ ಹಿಂದೆ ಇಲ್ಲ. ಮಾರಿದವರ ಪುಟದಲ್ಲಿ "ಹ್ಯಾಂಡ್‌ಮೇಡ್" ಎಂದು ಬರೆದಿತ್ತು.

ಆ ಸಂಜೆ ದಾದಿ ತಮ್ಮ ಟ್ರಂಕ್ ತೆಗೆಸಿದರು. ಅವರ ಮದುವೆಯಲ್ಲಿ ಹುಬ್ಬಳ್ಳಿಯ ತವರಿನವರು ಕೊಟ್ಟಿದ್ದ ನವಲಗುಂದದ ಜಮಖಾನ ಅದರಲ್ಲಿತ್ತು. ಕೆಂಪು, ಹಳದಿ, ಕಪ್ಪು, ಬಿಳಿ. ಮೆಟ್ಟಿಲು ಮೆಟ್ಟಿಲಾಗಿ ಏರಿಳಿಯುವ ಆಕಾರಗಳು. ಸ್ವಲ್ಪ ಹೊತ್ತು ದಿಟ್ಟಿಸಿದರೆ ಕೆಂಪು ಭಾಗ ಮುಂದೆ ಬರುತ್ತದೆ, ಇನ್ನೊಂದು ಸಲ ನೋಡಿದರೆ ಕಪ್ಪು ಮುಂದೆ ಬಂದು ಕೆಂಪು ಹಿಂದೆ ಸರಿಯುತ್ತದೆ. ಇದೂ ಕಣ್ಣಿನ ಜೊತೆ ಆಟವಾಡುವ ಹಾಸೇ. ಆದರೆ ದಾದಿ ಇದರ ಮೇಲೆ ನಿಶ್ಚಿಂತೆಯಿಂದ ಕುಳಿತರು. ತಿರುಗಿಸಿದರೆ ಹಿಂದೆಯೂ ಅದೇ ಚಿತ್ರ, ಅದೇ ಬಣ್ಣ.

ಒಂದು ಏಕೆ ಹೆದರಿಸಿತು, ಇನ್ನೊಂದು ಏಕೆ ಹೆದರಿಸಲಿಲ್ಲ? ಯಾವುದಕ್ಕೆ ಎಷ್ಟು ಹಣ ಕೊಡಬಹುದು? ಅಂಗಡಿಯಲ್ಲಿ ನಿಂತಾಗ ಅಸಲಿ ಯಾವುದು, ನಕಲಿ ಯಾವುದು ಎಂದು ತಿಳಿಯುವುದು ಹೇಗೆ? ಈ ಮೂರು ಪ್ರಶ್ನೆಗಳಿಗೆ ಉತ್ತರ ಹುಡುಕಿದಾಗ ತಿಳಿದದ್ದನ್ನು ಇಲ್ಲಿ ಬರೆದಿದ್ದೇನೆ. ನಮ್ಮ ಸುತ್ತಮುತ್ತ ದಿನಕ್ಕೊಂದು ಹೊಸ ಅಪಾರ್ಟ್‌ಮೆಂಟ್ ಏಳುತ್ತಿದೆ. ಇಂತಹ ಕಾರ್ಪೆಟ್ ಕೊಳ್ಳುವ ಮನೆಗಳೂ ಹೆಚ್ಚುತ್ತಿವೆ. ಯಾರಿಗಾದರೂ ಉಪಯೋಗವಾಗಲಿ.

ಕಣ್ಣು ಏಕೆ ಮೋಸ ಹೋಗುತ್ತದೆ?

ನಮ್ಮ ಕಣ್ಣು ಎಲ್ಲವನ್ನೂ ಸಮನಾಗಿ ನೋಡುವುದಿಲ್ಲ. ಕಪ್ಪು ಬಿಳಿ ಕೂಡುವ ಅಂಚುಗಳಿಗೆ ಅದು ಹೆಚ್ಚು ಬೆಲೆ ಕೊಡುತ್ತದೆ. ರೆಟಿನಾದಲ್ಲಿ ಬೆಳಕು ಬಿದ್ದ ಕೋಶ ತನ್ನ ಪಕ್ಕದ ಕೋಶಗಳ ಸಂಕೇತವನ್ನು ತುಸು ತಗ್ಗಿಸುತ್ತದೆ. ಇದರಿಂದ ಅಂಚಿನ ಬಿಳಿ ಇನ್ನೂ ಬಿಳಿಯಾಗಿ, ಕಪ್ಪು ಇನ್ನೂ ಕಪ್ಪಾಗಿ ಕಾಣುತ್ತದೆ. ಜೊತೆಗೆ, ನಾವು ಒಂದೇ ಕಡೆ ದಿಟ್ಟಿಸುತ್ತಿದ್ದೇವೆ ಎಂದುಕೊಂಡಾಗಲೂ ಕಣ್ಣುಗುಡ್ಡೆ ಅತಿ ಸಣ್ಣದಾಗಿ ಅಲುಗುತ್ತಲೇ ಇರುತ್ತದೆ. ಒತ್ತೊತ್ತಾಗಿ ಕಪ್ಪು ಬಿಳಿ ಪಟ್ಟೆಗಳಿದ್ದರೆ, ಆ ಸಣ್ಣ ಅಲುಗಾಟಕ್ಕೇ ಇಡೀ ಚಿತ್ರ ನಡುಗಿದಂತೆ ಕಾಣುತ್ತದೆ.

ಎರಡನೆಯ ಕಾರಣ ಮಿದುಳಿನದು. ರಸ್ತೆಯಲ್ಲಿ ನಿಂತು ನೋಡಿದರೆ ದೂರದ ಕಂಬಗಳು ಚಿಕ್ಕದಾಗಿ ಕಾಣುತ್ತವೆ. ಹುಟ್ಟಿದಾಗಿನಿಂದ ಇದನ್ನೇ ನೋಡಿ ಅಭ್ಯಾಸವಾದ ಮಿದುಳು, ಒಂದೇ ತರಹದ ಚೌಕಗಳು ಕ್ರಮವಾಗಿ ಚಿಕ್ಕದಾಗುತ್ತಿದ್ದರೆ ಅವು ದೂರ ಹೋಗುತ್ತಿವೆ ಎಂದೇ ತೀರ್ಮಾನಿಸುತ್ತದೆ. ನೆಲದ ಮೇಲೆ "ದೂರ" ಎಂದರೆ ಆಳ. ಭಾಯ್ ತಂದ ಕಾರ್ಪೆಟ್ ಮಾಡಿದ್ದು ಇದನ್ನೇ. ಎಳೆಯರಲ್ಲಿ ಎರಡೂ ಕಣ್ಣು ಚೆನ್ನಾಗಿರುವುದರಿಂದ "ಇದು ಸಪಾಟು" ಎಂಬ ಇನ್ನೊಂದು ಸಂದೇಶವೂ ತಕ್ಷಣ ಸಿಗುತ್ತದೆ. ಪೊರೆ ಬಂದ ಕಣ್ಣಿಗೆ ಆ ಸಂದೇಶ ಮಸುಕಾಗಿ ಬರುತ್ತದೆ. ಆದ್ದರಿಂದ ದಾದಿಯ ಹೆದರಿಕೆ ಮೂಢನಂಬಿಕೆ ಆಗಿರಲಿಲ್ಲ. ಅವರ ಕಣ್ಣಿಗೆ ಅಲ್ಲಿ ಗುಂಡಿ ಇತ್ತು. ಮರೆವಿನ ಕಾಯಿಲೆ ಇರುವ ಹಿರಿಯರೂ ನೆಲದ ಮೇಲಿನ ಕಪ್ಪು ಭಾಗವನ್ನು ಹಳ್ಳವೆಂದು ತಿಳಿದು ದಾಟಲು ಹಿಂಜರಿಯುತ್ತಾರೆ.

ನವಲಗುಂದದ ಜಮಖಾನದಲ್ಲಿ ಆಕಾರಗಳು ಕ್ರಮವಾಗಿ ಕಿರಿದಾಗಿ ಒಂದೇ ಬಿಂದುವಿಗೆ ಜಾರುವುದಿಲ್ಲ. ಒಂದೇ ಅಳತೆಯಲ್ಲಿ ಮರುಕಳಿಸುತ್ತವೆ. ಯಾವುದು ಆಕಾರ, ಯಾವುದು ಹಿನ್ನೆಲೆ ಎಂಬಲ್ಲಿ ಮಾತ್ರ ಮಿದುಳು ಅತ್ತಿತ್ತ ಆಡುತ್ತದೆ. ನೆಲ ನೆಲವಾಗಿಯೇ ಉಳಿಯುತ್ತದೆ.

ಭೌತಶಾಸ್ತ್ರ ಓದುವವರಿಗೆ ಒಂದು ಲೆಕ್ಕ. ಕಣ್ಣಿಗೆ ಅತಿ ಹೆಚ್ಚು ಕಿರಿಕಿರಿ ಮಾಡುವುದು ಒಂದು ಡಿಗ್ರಿ ಕೋನದೊಳಗೆ ಸುಮಾರು 3 ಜೋಡಿ ಕಪ್ಪು ಬಿಳಿ ಪಟ್ಟೆಗಳು ಬಂದಾಗ. ನಿಂತವರ ಕಣ್ಣಿನಿಂದ ನೆಲಕ್ಕೆ 150 ಸೆಂ.ಮೀ. ಎಂದುಕೊಳ್ಳಿ. ಆ ದೂರದಲ್ಲಿ ಒಂದು ಡಿಗ್ರಿ ಎಂದರೆ ಸುಮಾರು 2.6 ಸೆಂ.ಮೀ. ಅದರಲ್ಲಿ 3 ಜೋಡಿ ಬಂದರೆ ಒಂದೊಂದು ಪಟ್ಟೆಯ ಅಗಲ 4ರಿಂದ 5 ಮಿ.ಮೀ. ಅಂದರೆ ಪೆನ್ಸಿಲ್‌ಗಿಂತ ಸಣ್ಣ ಪಟ್ಟೆಗಳು ಒತ್ತೊತ್ತಾಗಿರುವ ಕಾರ್ಪೆಟ್ ಹೆಚ್ಚು ಕಾಟ ಕೊಡುತ್ತದೆ. ಎರಡು ಬೆರಳು ಅಗಲದ ಪಟ್ಟೆಗಳಾದರೆ ಕಾಟ ಬಹಳ ಕಡಿಮೆ. ಮೈಗ್ರೇನ್ ಇರುವವರಿಗೆ, ಬೆಳಕಿನ ಮಿನುಗಿನಿಂದ ಫಿಟ್ಸ್ ಬರುವವರಿಗೆ ಸಣ್ಣ ಪಟ್ಟೆಗಳು ನಿಜವಾಗಿಯೂ ತೊಂದರೆ ಕೊಡಬಲ್ಲವು.

ಆಪ್ ಆರ್ಟ್ ಎಂಬ ಹೆಸರು

ಆನ್‌ಲೈನ್ ಅಂಗಡಿಗಳಲ್ಲಿ ಇಂತಹ ಕಾರ್ಪೆಟ್‌ಗಳನ್ನು "ಆಪ್ಟಿಕಲ್ ಆರ್ಟ್" ಅಥವಾ "ಆಪ್ ಆರ್ಟ್" ಎಂದು ಕರೆಯುತ್ತಾರೆ. ಈ ಹೆಸರು ಚಿತ್ರಕಲೆಯಿಂದ ಬಂದದ್ದು. ಹಂಗೇರಿಯಲ್ಲಿ ಹುಟ್ಟಿ ಫ್ರಾನ್ಸ್‌ನಲ್ಲಿ ನೆಲೆಸಿದ ವಿಕ್ಟರ್ ವಾಸರೇಲಿ 1930ರ ದಶಕದ ಕೊನೆಯಲ್ಲೇ ಬರೀ ಕಪ್ಪು ಬಿಳಿ ಪಟ್ಟೆಗಳಿಂದ ಜೀಬ್ರಾಗಳ ಚಿತ್ರ ಮಾಡಿದ್ದರು. 1964ರಲ್ಲಿ ಅಮೆರಿಕದ ಟೈಮ್ ಪತ್ರಿಕೆ "ಆಪ್ ಆರ್ಟ್" ಎಂಬ ಪದ ಬಳಸಿತು. 1965ರಲ್ಲಿ ನ್ಯೂಯಾರ್ಕ್‌ನ ಮ್ಯೂಸಿಯಂ ಆಫ್ ಮಾಡರ್ನ್ ಆರ್ಟ್‌ನಲ್ಲಿ "ದ ರೆಸ್ಪಾನ್ಸಿವ್ ಐ" ಎಂಬ ದೊಡ್ಡ ಪ್ರದರ್ಶನ ನಡೆದ ಮೇಲೆ ಆ ಪದ ಎಲ್ಲರ ಬಾಯಿಗೆ ಬಂತು. ಬ್ರಿಟನ್ನಿನ ಕಲಾವಿದೆ ಬ್ರಿಜೆಟ್ ರೈಲಿ ಅದರಿಂದ ಹೆಸರಾದರು. ಆದರೆ ಅವರ ಚಿತ್ರದ ವಿನ್ಯಾಸ ಅವರ ಒಪ್ಪಿಗೆಯಿಲ್ಲದೆ ಉಡುಪಿನ ಬಟ್ಟೆಯಾಗಿ ಅಂಗಡಿಗಳಿಗೆ ಬಂದಿತ್ತು. ಅದನ್ನು ನೋಡಿ ಅವರು ಬಹಳ ನೊಂದರು. ತಡೆಯಲು ಅವರ ಕೈಯಲ್ಲಿ ಬಲವಾದ ಕಾನೂನಿನ ಆಸರೆ ಇರಲಿಲ್ಲ.

ಆ ಕಾಲದಿಂದ ಮನೆಯ ಪರದೆ, ನೆಲಹಾಸುಗಳಿಗೂ ಈ ಶೈಲಿ ಬಂತು. 1960, 70ರ ದಶಕದ ಅಂತಹ ಯುರೋಪಿನ ಹಾಸುಗಳನ್ನು ಈಗ "ವಿಂಟೇಜ್" ಎಂದು ಹೆಚ್ಚಿನ ಬೆಲೆಗೆ ಮಾರುತ್ತಾರೆ. ಆದರೆ ಕಣ್ಣಿನ ಜೊತೆ ಆಡುವ ವಿನ್ಯಾಸಕ್ಕೆ ಈ ಹೆಸರಿಗಿಂತ ಬಹಳ ಹೆಚ್ಚು ವಯಸ್ಸು. ನಮ್ಮ ಕರ್ನಾಟಕದಲ್ಲೇ ಅದಕ್ಕೆ ಒಂದು ಊರಿದೆ.

ನವಲಗುಂದದ ಮಗ್ಗ

ಧಾರವಾಡ ಜಿಲ್ಲೆಯ ನವಲಗುಂದ ಹುಬ್ಬಳ್ಳಿಯಿಂದ ವಿಜಯಪುರದ ರಸ್ತೆಯಲ್ಲಿ ಸುಮಾರು 35 ಕಿ.ಮೀ. ದೂರದಲ್ಲಿದೆ. ನವಿಲುಗಳ ಗುಡ್ಡದಿಂದ ಊರಿಗೆ ಆ ಹೆಸರು ಬಂತು ಎನ್ನುತ್ತಾರೆ. ಜಮಖಾನಗಳಲ್ಲಿ ನವಿಲು ಕಾಣಿಸುವುದಕ್ಕೂ ಅದೇ ಕಾರಣ ಇರಬಹುದು. ಇಲ್ಲಿ ಜಮಖಾನ ನೇಯುವವರು ಮುಸ್ಲಿಂ ಮನೆತನಗಳ ಹೆಂಗಸರು. ಆದಿಲ್‌ಶಾಹಿ ಕಾಲದಲ್ಲಿ ತಮ್ಮ ಹಿರಿಯರು ವಿಜಯಪುರದಲ್ಲಿದ್ದರು, ಯುದ್ಧದ ಕಾಲದಲ್ಲಿ ಅಲ್ಲಿಂದ ಹೊರಟು ಇಲ್ಲಿ ನೆಲೆಸಿದರು ಎಂಬುದು ಆ ಮನೆತನಗಳಲ್ಲಿ ನಡೆದುಬಂದ ಮಾತು. ಅವರ ಓಣಿಗೆ ಜಮಖಾನ ಗಲ್ಲಿ ಎಂದೇ ಹೆಸರು.

ಮಗ್ಗ ಮನೆಯೊಳಗೇ ಇರುತ್ತದೆ. ನೆಲಕ್ಕೆ ಮಲಗಿದ ಮಗ್ಗ ಅಲ್ಲ, ಗೋಡೆಯಂತೆ ನೇರ ನಿಂತ ಮಗ್ಗ. ಮೇಲಿನಿಂದ ಕೆಳಕ್ಕೆ ಬಿಗಿದ ನೂಲು ಹಾಸು, ಅಡ್ಡಲಾಗಿ ಸೇರಿಸುವ ಬಣ್ಣದ ನೂಲು ಹೊಕ್ಕು. ಹೆಂಗಸರು ಮಗ್ಗದ ಮುಂದೆ ಪಕ್ಕಪಕ್ಕ ಕುಳಿತು ಬೆರಳಿನಿಂದ ಹೊಕ್ಕನ್ನು ಸೇರಿಸುತ್ತಾರೆ. ಪಂಜ ಎಂಬ ಕಬ್ಬಿಣದ ಹಲ್ಲಿನ ಸಾಧನದಿಂದ ಅದನ್ನು ಕೆಳಕ್ಕೆ ಬಡಿದು ಬಿಗಿ ಮಾಡುತ್ತಾರೆ. ಹೊಕ್ಕು ಹಾಸನ್ನು ಪೂರ್ತಿ ಮುಚ್ಚಿಬಿಡುತ್ತದೆ. ಆದ್ದರಿಂದ ಎರಡೂ ಬದಿ ಒಂದೇ ರೀತಿ ಕಾಣುತ್ತದೆ.

ಹಾಸಿನ ನೂಲುಗಳು ಸಾಲಾಗಿ ನಿಂತಿರುವುದರಿಂದ ಬಣ್ಣ ಬದಲಿಸಬೇಕಾದರೆ ಯಾವುದೋ ಒಂದು ಹಾಸಿನ ನೂಲಿನ ಬಳಿಯೇ ಬದಲಿಸಬೇಕು. ಗ್ರಾಫ್ ಹಾಳೆಯಲ್ಲಿ ಚೌಕ ತುಂಬಿದಂತೆ. ಹಾಗಾಗಿ ಬಾಗಿದ ಗೆರೆ ಬರುವುದು ಕಷ್ಟ, ಓರೆ ಗೆರೆ ಮೆಟ್ಟಿಲಾಗುತ್ತದೆ. ನವಿಲಿನ ಕೊರಳೂ ಮೆಟ್ಟಿಲು ಮೆಟ್ಟಿಲೇ. ಪಗಡೆ ಹಾಸಿನ ಆಕಾರ, ವಜ್ರದ ಆಕಾರ, ಅಷ್ಟಕೋನ ಇವೆಲ್ಲ ಈ ಮಗ್ಗಕ್ಕೆ ಸಹಜವಾಗಿ ಒಗ್ಗುತ್ತವೆ. ಕಣ್ಣನ್ನು ಆಡಿಸುವ ಆ ಗುಣ ಯಾರೋ ಲೆಕ್ಕ ಹಾಕಿ ತಂದದ್ದಲ್ಲ, ನೂಲಿನ ಸ್ವಭಾವದಿಂದಲೇ ಬಂದದ್ದು.

ಇಲ್ಲಿ ದೊಡ್ಡ ಜಮಖಾನದ ಜೊತೆಗೆ ಜಾನಮಾಜ್‌ಗಳನ್ನೂ ನೇಯುತ್ತಾರೆ. ಜಾನಮಾಜ್ ಕೊಳ್ಳುವಾಗ ನೆನಪಿಡಬೇಕಾದ ಮಾತೊಂದಿದೆ. ನಕಾಶೆಯ ಹೊದಿಕೆಯೊಂದು ನಮಾಜಿನ ನಡುವೆ ಗಮನ ಸೆಳೆದುದರಿಂದ ಪ್ರವಾದಿ ಮುಹಮ್ಮದ್(ಸ) ಅದನ್ನು ಕೊಟ್ಟವರಿಗೇ ಹಿಂದಿರುಗಿಸಿ, ಸಾದಾ ಹೊದಿಕೆ ತರಿಸಿಕೊಂಡ ಪ್ರಸಂಗ ಬುಖಾರಿ ಹದೀಸ್ ಸಂಗ್ರಹದಲ್ಲಿದೆ. ಕಣ್ಣನ್ನು ಆಡಿಸುವ ವಿನ್ಯಾಸ ಹಾಲ್‌ಗೆ ಚೆಂದ. ನಮಾಜಿಗೆ ಸರಳವಾದದ್ದೇ ಒಳ್ಳೆಯದು.

2011ರಲ್ಲಿ ನವಲಗುಂದದ ಜಮಖಾನಕ್ಕೆ ಭೌಗೋಳಿಕ ಗುರುತು, ಅಂದರೆ ಜಿಐ ಟ್ಯಾಗ್ ಸಿಕ್ಕಿತು. 1999ರ ಕಾಯ್ದೆಯ ಪ್ರಕಾರ ಬೇರೆಲ್ಲೋ ಮಾಡಿದ ಹಾಸನ್ನು ನವಲಗುಂದದ್ದು ಎಂದು ಹೇಳಿ ಮಾರುವಂತಿಲ್ಲ. ಬ್ರಿಜೆಟ್ ರೈಲಿಗೆ ಸಿಗದಿದ್ದ ಆಸರೆಯಂತಹುದು ಇಲ್ಲಿನ ಹೆಂಗಸರಿಗೆ ಕಾಗದದ ಮೇಲೆ ಸಿಕ್ಕಿದೆ. ಆದರೆ ಕೊಳ್ಳುವವರು ಕೇಳದಿದ್ದರೆ ಆ ಕಾಗದ ಕೆಲಸ ಮಾಡುವುದಿಲ್ಲ.

ಇನ್ನೊಂದು ಕಷ್ಟವೂ ಇದೆ. ಮಗಳು ಮದುವೆಯಾಗಿ ಬೇರೆ ಊರಿಗೆ ಹೋದರೆ ವಿದ್ಯೆಯೂ ಹೊರಗೆ ಹೋಗುತ್ತದೆ ಎಂದು, ಈ ನೇಯ್ಗೆಯನ್ನು ಮಗಳಿಗೆ ಕಲಿಸದೆ ಸೊಸೆಗೆ ಮಾತ್ರ ಕಲಿಸುವ ರೂಢಿ ಬಹಳ ಕಾಲ ಇತ್ತು. ವಿದ್ಯೆ ಊರಲ್ಲೇ ಉಳಿಯಿತು, ಆದರೆ ಕೆಲವೇ ಮನೆಗಳಲ್ಲಿ ಉಳಿಯಿತು. ದುಡಿಮೆಗೆ ತಕ್ಕ ಕೂಲಿ ಸಿಗುವುದಿಲ್ಲ ಎಂದು ಹೊಸ ಸೊಸೆ ಮಗ್ಗಕ್ಕೆ ಕೂರದಿದ್ದರೆ ಆ ಮನೆಯ ನೇಯ್ಗೆ ಅಲ್ಲಿಗೆ ಮುಗಿಯಿತು. ಮಗ್ಗಗಳ ಸಂಖ್ಯೆ ಕಡಿಮೆಯಾಗುತ್ತಾ ಬಂದಿರುವುದು ಹೀಗೆ.

ಮೊದಲು ಬೆನ್ನು ನೋಡಿ

ಈಗ ಅಂಗಡಿಗೆ ಬರೋಣ. ಯಾವ ಹಾಸೇ ಇರಲಿ, ಬೆಲೆ ಕೇಳುವ ಮೊದಲು ಮೂಲೆ ಮಗುಚಿ ಹಿಂಬದಿ ನೋಡಿ. ಅಲ್ಲಿ ಐದು ತರಹ ಕಾಣಬಹುದು.

1. ಎರಡೂ ಬದಿ ಒಂದೇ ಚಿತ್ರ, ಜುಂಗು ಇಲ್ಲ: ಇದು ಜಮಖಾನ ಅಥವಾ ದರಿ. ನವಲಗುಂದದ್ದು ಈ ಜಾತಿ. ತಮಿಳುನಾಡಿನ ಭವಾನಿ ಜಮಕ್ಕಾಳವೂ ಇದೇ ಜಾತಿ. ಅದರಲ್ಲಿ ಉದ್ದನೆಯ ಬಣ್ಣದ ಪಟ್ಟೆಗಳೇ ಮುಖ್ಯ.

2. ಮುಂದೆ ಜುಂಗು, ಹಿಂದೆ ಸಾಲು ಸಾಲು ಸಣ್ಣ ಗಂಟು, ಚಿತ್ರ ಹಿಂದೆಯೂ ಸ್ಪಷ್ಟ: ಇದು ಕೈಯಿಂದ ಗಂಟು ಹಾಕಿದ ಕಾರ್ಪೆಟ್. ಗಂಟುಗಳು ಅಲ್ಲಲ್ಲಿ ತುಸು ಹೆಚ್ಚು ಕಡಿಮೆ ಇರುತ್ತವೆ. ತುದಿಯ ಕುಚ್ಚು ಹಾಸಿನ ನೂಲಿನದೇ ಮುಂದುವರಿಕೆ, ಹೊಲಿದು ಸೇರಿಸಿದ್ದಲ್ಲ.

3. ಹಿಂದೆ ದಪ್ಪ ಬಟ್ಟೆ ಅಂಟಿಸಿದೆ, ಮೂಗಿಗೆ ರಬ್ಬರ್ ವಾಸನೆ ಬರುತ್ತದೆ: ಇದು ಟಫ್ಟೆಡ್. ನೂಲನ್ನು ಕೈಯಲ್ಲಿ ಹಿಡಿದ ಯಂತ್ರದಿಂದ ಬಟ್ಟೆಗೆ ಚುಚ್ಚಿ ಅಂಟು ಬಳಿದಿರುತ್ತಾರೆ. ಕೈ ಬಳಸಿದ್ದಾರೆ ನಿಜ, ಆದರೆ ಗಂಟು ಹಾಕಿದ್ದಲ್ಲ. ಅಂಟು ಒಣಗಿದ ಮೇಲೆ ಕೆಲವು ವರ್ಷಗಳಲ್ಲಿ ಪುಡಿಯಾಗಿ ಉದುರತೊಡಗುತ್ತದೆ.

4. ಹಿಂದೆ ಅತ್ಯಂತ ಸಮನಾದ ಸಾಲುಗಳು, ಅಂಚಿಗೆ ಯಂತ್ರದ ಹೊಲಿಗೆ, ಕುಚ್ಚು ಬೇರೆ ಹೊಲಿದಿದೆ: ಯಂತ್ರದಲ್ಲಿ ನೇಯ್ದದ್ದು.

5. ಹಿಂದೆ ಬರೀ ಬಿಳಿ, ಚಿತ್ರ ಮುಂದೆ ಮಾತ್ರ: ಮುದ್ರಿಸಿದ್ದು. ಜುಂಗನ್ನು ಬೆರಳಿನಿಂದ ಬಿಡಿಸಿ ನೋಡಿದರೆ ಬುಡದಲ್ಲಿ ಬಣ್ಣ ಇರುವುದಿಲ್ಲ. ನಮ್ಮ ಮನೆಗೆ ಬಂದದ್ದು ಇದು.

ಹಿಂಬದಿಗೆ ಬೆಲೆ ಕೊಡುವುದು ಹೊಸ ಮಾತಲ್ಲ. ನಮ್ಮ ಬೆಂಗಳೂರಿನ ಕಾರ್ಪೆಟ್‌ಗಳೂ ಒಂದು ಕಾಲದಲ್ಲಿ ಹೆಸರಾಗಿದ್ದವು. ಎರಡೂ ಬದಿ ಒಂದೇ ಚಿತ್ರ, ಒಂದೇ ಬಣ್ಣ ಇರುವುದೇ ಅವುಗಳ ವಿಶೇಷ ಎಂದು ಮೈಸೂರು ಸಂಸ್ಥಾನದ ಕಾಲದ ಗೆಜೆಟಿಯರ್‌ಗಳು ಹೇಳುತ್ತವೆ.

ಮುದ್ರಿತ ಕಾರ್ಪೆಟ್ ಕೊಳ್ಳಲೇಬಾರದು ಎಂದು ನಾನು ಹೇಳುವುದಿಲ್ಲ. ಬಾಡಿಗೆ ಮನೆ, ಎರಡು ವರ್ಷಕ್ಕೆ ಸಾಕು ಎಂದಿದ್ದರೆ ಅದು ಸರಿಯೇ. ಆದರೆ ಮುದ್ರಿತ ಎಂದು ತಿಳಿದು, ಮುದ್ರಿತದ ಬೆಲೆ ಕೊಟ್ಟು ಕೊಳ್ಳಬೇಕು.

ನೂಲು ಯಾವುದು?

ಅಂಗಡಿಯಲ್ಲಿ ಹತ್ತಿ, ಉಣ್ಣೆ, ವಿಸ್ಕೋಸ್, ಪಾಲಿಯೆಸ್ಟರ್, ಪಾಲಿಪ್ರೊಪಿಲೀನ್ ಎಲ್ಲ ಸಿಗುತ್ತವೆ. "ಆರ್ಟ್ ಸಿಲ್ಕ್", "ಬ್ಯಾಂಬೂ ಸಿಲ್ಕ್" ಎಂದು ಹೇಳಿದರೆ ಸಾಮಾನ್ಯವಾಗಿ ಅದು ವಿಸ್ಕೋಸ್. ರೇಷ್ಮೆಯಂತೆ ಹೊಳೆಯುತ್ತದೆ, ನೀರು ಬಿದ್ದರೆ ಬಲ ಕಳೆದುಕೊಂಡು ಕಲೆಯಾಗುತ್ತದೆ.

ಸಂಶಯ ಬಂದರೆ ಅಂಗಡಿಯವರ ಒಪ್ಪಿಗೆ ಪಡೆದು ಕುಚ್ಚಿನಿಂದಲ್ಲ, ಚಿತ್ರದ ಭಾಗದಿಂದ ಒಂದು ಎಳೆ ಕೇಳಿ ತನ್ನಿ. ಕೆಮಿಸ್ಟ್ರಿ ಲ್ಯಾಬ್‌ನಲ್ಲಿ ಉಪನ್ಯಾಸಕರ ಮುಂದೆ ಇಕ್ಕಳದಲ್ಲಿ ಹಿಡಿದು ಸುಟ್ಟು ನೋಡಬಹುದು. ಒಬ್ಬರೇ ಮನೆಯಲ್ಲಿ ಮಾಡಬೇಡಿ.

ಹತ್ತಿ ಮತ್ತು ವಿಸ್ಕೋಸ್ ಕಾಗದ ಸುಟ್ಟ ವಾಸನೆ ಬಿಟ್ಟು ಬೇಗ ಉರಿಯುತ್ತವೆ, ಮೆತ್ತನೆಯ ಬೂದಿ ಉಳಿಯುತ್ತದೆ. ಉಣ್ಣೆ ಕೂದಲು ಸುಟ್ಟ ವಾಸನೆ ಬಿಡುತ್ತದೆ, ಬೆಂಕಿ ತೆಗೆದರೆ ತಾನೇ ಆರುತ್ತದೆ, ಉಳಿದ ಕರಿ ಗುಂಡು ಬೆರಳಿನಲ್ಲಿ ಪುಡಿಯಾಗುತ್ತದೆ. ಪಾಲಿಯೆಸ್ಟರ್ ಕರಗಿ ಗಟ್ಟಿ ಮಣಿಯಾಗುತ್ತದೆ. ಪಾಲಿಪ್ರೊಪಿಲೀನ್ ಕರಗುವಾಗ ಮೇಣದ ಬತ್ತಿಯ ವಾಸನೆ ಬರುತ್ತದೆ.

ಬಣ್ಣ ಬಿಡುತ್ತದೆಯೇ ಎಂದು ತಿಳಿಯಲು ಇನ್ನೂ ಸುಲಭದ ದಾರಿ ಇದೆ. ಒದ್ದೆ ಮಾಡಿ ಹಿಂಡಿದ ಬಿಳಿ ಕರವಸ್ತ್ರದಿಂದ ಕಪ್ಪು ಅಥವಾ ಕೆಂಪು ಭಾಗವನ್ನು ಅರ್ಧ ನಿಮಿಷ ಉಜ್ಜಿ. ವಸ್ತ್ರಕ್ಕೆ ಬಣ್ಣ ಹತ್ತಿದರೆ, ಮೊದಲ ಒಗೆತದಲ್ಲೇ ಕಪ್ಪು ಹರಿದು ಬಿಳಿ ಬೂದಿಯಾಗುತ್ತದೆ. ಆಪ್ ಆರ್ಟ್ ವಿನ್ಯಾಸದ ಜೀವವೇ ಎರಡು ಬಣ್ಣಗಳ ನಡುವಿನ ವ್ಯತ್ಯಾಸ. ಅದು ಹೋದರೆ ಕೊಟ್ಟ ಹಣವೂ ಹೋದಂತೆ.

ಬೆಲೆಯನ್ನು ಗುಣಾಕಾರದಿಂದ ಪರೀಕ್ಷಿಸಿ

"ಪೂರ್ತಿ ಕೈಯಿಂದ ಗಂಟು ಹಾಕಿದ್ದು, ಆರು ಸಾವಿರಕ್ಕೆ ಕೊಡುತ್ತೇನೆ" ಎಂದು ಯಾರಾದರೂ ಹೇಳಿದರೆ ಒಂದು ಲೆಕ್ಕ ಮಾಡಿ. ಹಿಂಬದಿಯಲ್ಲಿ ಸ್ಕೇಲ್ ಇಟ್ಟು ಒಂದು ಇಂಚಿಗೆ ಅಡ್ಡ ಎಷ್ಟು ಗಂಟು, ಉದ್ದಕ್ಕೆ ಎಷ್ಟು ಗಂಟು ಎಣಿಸಿ. ಅಡ್ಡ 8, ಉದ್ದ 9 ಎಂದರೆ ಚದರ ಇಂಚಿಗೆ 72 ಗಂಟು. 5 ಅಡಿಗೆ 8 ಅಡಿಯ ಕಾರ್ಪೆಟ್ ಎಂದರೆ 60 × 96 = 5,760 ಚದರ ಇಂಚು. ಒಟ್ಟು 4,14,720 ಗಂಟು. ಒಬ್ಬರು ದಿನಕ್ಕೆ 8,000 ಗಂಟು ಹಾಕುತ್ತಾರೆ ಎಂದು ಇಟ್ಟುಕೊಂಡರೂ ಸುಮಾರು 52 ದಿನದ ಕೆಲಸ. ಆರು ಸಾವಿರವನ್ನು 52ರಿಂದ ಭಾಗಿಸಿದರೆ ದಿನಕ್ಕೆ 115 ರೂಪಾಯಿ ಬರುತ್ತದೆ. ಅದರಲ್ಲೇ ಉಣ್ಣೆ, ಬಣ್ಣ, ಸಾಗಣೆ, ಅಂಗಡಿಯ ಲಾಭ ಎಲ್ಲ ಬರಬೇಕು.

ಅಂದರೆ ಎರಡರಲ್ಲಿ ಒಂದು ಸತ್ಯ. ಅದು ಕೈಗೆಲಸ ಅಲ್ಲ, ಅಥವಾ ಗಂಟು ಹಾಕಿದವರಿಗೆ ಕೂಲಿ ಸಿಕ್ಕಿಲ್ಲ. ಎರಡನೆಯದು ಮೊದಲಿನದಕ್ಕಿಂತ ಕೆಟ್ಟದ್ದು. ಕಾರ್ಪೆಟ್ ಉದ್ಯಮದಲ್ಲಿ ಮಕ್ಕಳನ್ನು ದುಡಿಸುವುದರ ವಿರುದ್ಧ ಕೈಲಾಶ್ ಸತ್ಯಾರ್ಥಿ ಅವರು ನಡೆಸಿದ ಹೋರಾಟದಿಂದ 1994ರಲ್ಲಿ ರಗ್‌ಮಾರ್ಕ್ ಎಂಬ ಗುರುತು ಬಂತು. ಈಗ ಅದರ ಹೆಸರು ಗುಡ್‌ವೀವ್. ಮಕ್ಕಳ ದುಡಿಮೆ ಇಲ್ಲದೆ ಮಾಡಿದ ಕಾರ್ಪೆಟ್ ಎಂಬುದಕ್ಕೆ ಆ ಚೀಟಿ ಸಾಕ್ಷಿ. ಕೈಮಗ್ಗದ ಬಟ್ಟೆಗೆ ಹ್ಯಾಂಡ್‌ಲೂಮ್ ಮಾರ್ಕ್ ಇದೆ. ಇವುಗಳನ್ನು ಕೇಳಿ ನೋಡುವುದರಲ್ಲಿ ನಾಚಿಕೆ ಬೇಡ.

ಕಾಮರ್ಸ್ ವಿದ್ಯಾರ್ಥಿಗಳಿಗೆ ಗೊತ್ತಿರುವಂತೆ, ಸುಳ್ಳು ವಿವರಣೆ ಕೊಟ್ಟು ಮಾರುವುದು 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಗೆ ವಿರುದ್ಧ. ಆನ್‌ಲೈನ್ ಮಾರಾಟಗಾರರು ವಸ್ತು ಯಾವ ದೇಶದ್ದು ಎಂದು ತಿಳಿಸಬೇಕು. ಕೊಳ್ಳುವಾಗಲೇ ಆ ಪುಟದ ಸ್ಕ್ರೀನ್‌ಶಾಟ್ ಇಟ್ಟುಕೊಳ್ಳಿ. ಮೋಸವಾದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಕರೆ ಮಾಡಬಹುದು. ನಾವು ಸ್ಕ್ರೀನ್‌ಶಾಟ್ ಇಟ್ಟಿರಲಿಲ್ಲ. ನಂತರ ನೋಡಿದರೆ ಆ ಪುಟವೇ ಇರಲಿಲ್ಲ.

ಹಳೆಯದನ್ನು ಕೊಳ್ಳುವಾಗ

ಹಳೆಯ ಹಾಸು ಚೆಂದ, ಆದರೆ ಹಳೆಯದರಂತೆ ಕಾಣಿಸುವ ಹೊಸದೂ ಮಾರುಕಟ್ಟೆಯಲ್ಲಿದೆ. ರಾಸಾಯನಿಕದಲ್ಲಿ ತೊಳೆದು, ಚಹಾ ನೀರಿನಲ್ಲಿ ಅದ್ದಿ ಬಣ್ಣ ಮಾಸುವಂತೆ ಮಾಡುತ್ತಾರೆ. ನಿಜವಾಗಿ ಹಳೆಯದಾದ ಕಾರ್ಪೆಟ್‌ನ ಜುಂಗನ್ನು ಬಿಡಿಸಿದರೆ ತುದಿಯಲ್ಲಿ ಬಣ್ಣ ಮಾಸಿ, ಬುಡಕ್ಕೆ ಹೋದಂತೆ ನಿಧಾನವಾಗಿ ಗಾಢವಾಗುತ್ತದೆ. ಸವೆತವೂ ಜನ ಓಡಾಡಿದ ಕಡೆ ಹೆಚ್ಚು, ಅಂಚಿನಲ್ಲಿ ಕಡಿಮೆ. ಎಲ್ಲ ಕಡೆ ಒಂದೇ ಸಮನೆ ಸವೆದಿದ್ದರೆ ಅನುಮಾನಿಸಿ.

ಜಮಖಾನವನ್ನು ಬೆಳಕಿಗೆ ಎದುರು ಹಿಡಿಯಿರಿ. ತೆಳುವಾದ ಜಾಗ, ಹುಳು ತಿಂದ ತೂತು ಗೊತ್ತಾಗುತ್ತದೆ. ಒಂದು ಮೂಲೆಯನ್ನು ನಿಧಾನವಾಗಿ ಮಡಿಸಿ. ಚಟಪಟ ಸದ್ದು ಬಂದರೆ ಹತ್ತಿ ಒಳಗೇ ಕೊಳೆತಿದೆ, ಅದನ್ನು ಬಿಟ್ಟುಬಿಡಿ. ಅಂಚು ಬಿಚ್ಚಿದ್ದರೆ ಹೊಲಿಸಬಹುದು. ಹಾಸಿನ ನೂಲೇ ಕಿತ್ತಿದ್ದರೆ ದುರಸ್ತಿ ಕಷ್ಟ.

ಹೊಸ ಊರಿಗೆ ಹೋಗುವ ಕುಟುಂಬಗಳು ನಮ್ಮ ಕಡೆ ಅಪಾರ್ಟ್‌ಮೆಂಟ್‌ಗಳಲ್ಲಿ ಒಳ್ಳೆಯ ಹಾಸುಗಳನ್ನು ಕಡಿಮೆ ಬೆಲೆಗೆ ಕೊಟ್ಟು ಹೋಗುವುದುಂಟು. ಆದರೆ ಮೊದಲು ನಿಮ್ಮದೇ ಮನೆಯ ಟ್ರಂಕ್, ಅಟ್ಟ ನೋಡಿ. ನಾನಿ, ದಾದಿ, ಅಜ್ಜಿಯರನ್ನು ಕೇಳಿ. ನಮ್ಮ ಮನೆಯಲ್ಲಿ ಅಂತಹ ಜಮಖಾನ ಇದೆ ಎಂದು ನನಗೇ ಗೊತ್ತಿರಲಿಲ್ಲ.

ಮನೆಗೆ ಹೊಂದುವುದೇ?

ಕೊಳ್ಳುವ ಮುನ್ನ ಹಳೆಯ ದಿನಪತ್ರಿಕೆಗಳನ್ನು ಅದೇ ಅಳತೆಗೆ ನೆಲದ ಮೇಲೆ ಹಾಸಿ ಎರಡು ದಿನ ಓಡಾಡಿ. ಬಾಗಿಲಿಗೆ ತಾಗುತ್ತದೆಯೇ, ಹಿರಿಯರು ನಡೆಯುವ ದಾರಿಗೆ ಬರುತ್ತದೆಯೇ ತಿಳಿಯುತ್ತದೆ. ಆಳ ತೋರಿಸುವ ಚಿತ್ರಗಳನ್ನು ಮೆಟ್ಟಿಲ ಬಳಿ, ಬಚ್ಚಲಿಗೆ ಹೋಗುವ ದಾರಿಯಲ್ಲಿ ಹಾಕಲೇಬೇಡಿ. ಇಷ್ಟವಾಗಿ ಕೊಂಡಿದ್ದರೆ ಗೋಡೆಗೆ ತೂಗುಹಾಕಿ, ಅಲ್ಲಿ ಅದು ಯಾರನ್ನೂ ಬೀಳಿಸುವುದಿಲ್ಲ. ನುಣುಪಾದ ಟೈಲ್ಸ್ ನೆಲದ ಮೇಲೆ ಜಮಖಾನ ಜಾರುತ್ತದೆ, ಕೆಳಗೆ ಜಾರದ ರಬ್ಬರ್ ಜಾಲರಿ ಹಾಸಿ.

ಆನ್‌ಲೈನ್ ಚಿತ್ರ ನೋಡಿ ತೀರ್ಮಾನಿಸುವುದಾದರೆ ಫೋನ್‌ನಲ್ಲಿ ಅದನ್ನು ಕಪ್ಪು ಬಿಳಿಗೆ ಬದಲಿಸಿ, ಕೈ ಚಾಚಿ ಹಿಡಿದು ಒಂದು ನಿಮಿಷ ನೋಡಿ. ಕಣ್ಣಿಗೆ ನೀರು ಬಂದರೆ, ಗೆರೆ ನಡುಗಿದರೆ, ದಿನವೂ ಅದೇ ಆಗುತ್ತದೆ ಎಂದು ತಿಳಿಯಿರಿ. ಮನೆಯ ಅತಿ ಹಿರಿಯರಿಗೂ ತೋರಿಸಿ. ಅವರು ಬೇಡ ಎಂದರೆ ಬೇಡ.

ಎಲ್ಲಿ ನೋಡಬಹುದು?

ನಮ್ಮ ಪಟ್ಟಂದೂರು ಅಗ್ರಹಾರ ನಿಲ್ದಾಣದಲ್ಲಿ ನೇರಳೆ ಮೆಟ್ರೊ ಹತ್ತಿ ಮೆಜೆಸ್ಟಿಕ್‌ನಲ್ಲಿ ಹಸಿರು ಮಾರ್ಗಕ್ಕೆ ಬದಲಿಸಿದರೆ ಮುಂದಿನದೇ ಚಿಕ್ಕಪೇಟೆ. ಅಲ್ಲಿನ ಬಟ್ಟೆ ಅಂಗಡಿಗಳಲ್ಲಿ ಹತ್ತಿಯ ಜಮಖಾನ ಸಿಗುತ್ತದೆ. ಹೆಚ್ಚಿನವು ಬೇರೆ ರಾಜ್ಯದವು, ಎಲ್ಲಿಯದು ಎಂದು ಕೇಳಿ. ಕುಮಾರಕೃಪಾ ರಸ್ತೆಯ ಚಿತ್ರಕಲಾ ಪರಿಷತ್ತಿನಲ್ಲಿ ಕರಕುಶಲ ಮೇಳಗಳು ನಡೆಯುತ್ತಿರುತ್ತವೆ, ಅಲ್ಲಿ ಮಾಡಿದವರ ಜೊತೆಗೇ ಮಾತಾಡಬಹುದು. ರಾಜ್ಯ ಕರಕುಶಲ ಅಭಿವೃದ್ಧಿ ನಿಗಮದ ಕಾವೇರಿ ಮಳಿಗೆಗಳಲ್ಲಿ ನವಲಗುಂದದ್ದು ಇದೆಯೇ ಎಂದು ಫೋನ್ ಮಾಡಿ ವಿಚಾರಿಸಿ ಹೋಗಿ. ಹುಬ್ಬಳ್ಳಿ ಕಡೆ ಬಂಧುಗಳಿದ್ದರೆ ನವಲಗುಂದಕ್ಕೇ ಹೋಗಿ ಮಗ್ಗದ ಮನೆಯಲ್ಲೇ ಕೊಳ್ಳುವುದು ಎಲ್ಲಕ್ಕಿಂತ ಒಳ್ಳೆಯದು. ಕೊಟ್ಟ ಹಣ ಯಾರ ಕೈ ಸೇರಿತು ಎಂದು ಕಣ್ಣಾರೆ ಕಾಣುತ್ತದೆ.

ಬಜೆಟ್ ಚಿಕ್ಕದಾಗಿದ್ದರೆ ದೊಡ್ಡ ಮುದ್ರಿತ ಕಾರ್ಪೆಟ್‌ನ ಬದಲು ಚಿಕ್ಕ ಕೈಮಗ್ಗದ ಆಸನ ಕೊಳ್ಳಿ. ಅದು ಒಗೆದಷ್ಟೂ ಮೆತ್ತಗಾಗುತ್ತದೆ. ಒಂದು ಬದಿ ಮಾಸಿದರೆ ಇನ್ನೊಂದು ಬದಿ ಹಾಸಬಹುದು, ಅಂದರೆ ಒಂದರ ಬೆಲೆಗೆ ಎರಡು.

ನಮ್ಮ ಹಾಲ್‌ನಲ್ಲಿ ಈಗ ದಾದಿಯ ಜಮಖಾನ ಇದೆ. ಭಾಯ್ ತಂದ ಕಾರ್ಪೆಟ್ ಅವನ ಕೋಣೆಯ ಗೋಡೆಗೆ ಹೋಗಿದೆ. ಬರುವ ರಜೆಯಲ್ಲಿ ಹುಬ್ಬಳ್ಳಿಗೆ ಹೋದಾಗ ನವಲಗುಂದಕ್ಕೂ ಹೋಗಿಬರೋಣ ಎಂದು ದಾದಿಯೇ ಹೇಳಿದ್ದಾರೆ. ಈ ಸಲ ಭಾಯ್ ಹಣ ಕೂಡಿಡುತ್ತಿದ್ದಾನೆ. ಅವನಿಗೆ ಮದುವೆ ಮಾತು ನಡೆಯುತ್ತಿದೆ, ಬರುವ ಭಾಭಿಗೆ ಕೊಡಲು ಟ್ರಂಕ್‌ನಲ್ಲಿ ಇನ್ನೊಂದು ಜಮಖಾನ ಇರಬೇಕಂತೆ.